ಗಟ್ಟಿ ನೆಲ, ಮಣ್ಣಿನ ಗಾರೆ

ಕೊಪ್ಪಳ ಪಟ್ಟಣದ ಪಶ್ಚಿಮಕ್ಕೆ ಪಾಲ್ಕಿಗುಂಡು ಎಂಬ ಬೆಟ್ಟವಿದೆ. ಅದರ ಮೇಲೆ ಎರಡು ದೊಡ್ಡ ಗುಂಡುಗಳಿಗೆ ಅಡ್ಡವಾಗಿ ಇನ್ನೊಂದು ಬಂಡೆ ಕೂತಿದೆ. ಕೆಳಗೆ ನಿಂತು ನೋಡಿದರೆ ಯಾರೋ ಬೇಕೆಂದೇ ಎತ್ತಿಟ್ಟ ಹಾಗೆ ಕಾಣುತ್ತದೆ. ಆ ಬಂಡೆಯ ಮರೆಯಲ್ಲೇ ಅಶೋಕನ ಕಿರುಶಾಸನವಿದೆ, ಕ್ರಿ.ಪೂ. 3ನೇ ಶತಮಾನದ್ದು. ಇತಿಹಾಸ ಬಲ್ಲವರು ಅಲ್ಲಿಗೆ ಅಕ್ಷರ ಓದಲು ಹೋಗುತ್ತಾರೆ. ಭೂಕಂಪದ ಬಗ್ಗೆ ಯೋಚಿಸುವವರಿಗೆ ಅಕ್ಷರಕ್ಕಿಂತ ಮೇಲಿನ ಬಂಡೆಯೇ ಹೆಚ್ಚು ಹೇಳುತ್ತದೆ. ಶಾಸನ ಕೊರೆದು ಎರಡು ಸಾವಿರದ ಇನ್ನೂರು ವರ್ಷ ಕಳೆದರೂ ಅದು ಉರುಳಿಲ್ಲ.

ಇದು ಬರಿಯ ಬೆರಗಿನ ಮಾತಲ್ಲ. ಅಮೆರಿಕದ ಭೂಕಂಪ ವಿಜ್ಞಾನಿ ಜೇಮ್ಸ್ ಬ್ರೂನ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾ, ನೆವಾಡಾದ ಮರುಭೂಮಿಗಳಲ್ಲಿ ಇಂಥ ತೂಗುಗುಂಡುಗಳನ್ನು ಹುಡುಕಿಕೊಂಡು ಹೋದರು. ಎಷ್ಟು ಜೋರಾಗಿ ನೆಲ ಅಲುಗಿದರೆ ಯಾವ ಗುಂಡು ಉರುಳುತ್ತದೆ, ಅದು ಎಷ್ಟು ಕಾಲದಿಂದ ಹಾಗೆ ನಿಂತಿದೆ ಎಂದು ಲೆಕ್ಕ ಹಾಕಿದರು. ಗುಂಡು ನಿಂತಿದ್ದರೆ ಅಷ್ಟು ಕಾಲ ಅಲ್ಲಿ ಅಂಥ ಅಲುಗಾಟ ಆಗಿಲ್ಲ ಎಂದಾಯಿತು. ಈ ಲೆಕ್ಕಕ್ಕೆ ಗಂಗಾವತಿ ತಾಲ್ಲೂಕಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆನೆಗೊಂದಿ, ಅಂಜನಾದ್ರಿ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಬೆಟ್ಟ, ಹೊಳೆಯ ಆಚೆ ಹಂಪಿ: ಎತ್ತ ತಿರುಗಿದರೂ ಒಂದರ ಮೇಲೊಂದು ಕೂತ ಗುಂಡುಗಳೇ. ಮನುಷ್ಯರು ಕಟ್ಟಿದ್ದನ್ನು ನೋಡಬೇಕೆಂದರೆ ಇಟಗಿಯ ಮಹಾದೇವ ದೇವಾಲಯವಿದೆ. 1112ರಲ್ಲಿ ಚಾಲುಕ್ಯ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಒಂಬೈನೂರು ವರ್ಷ ದಾಟಿ ನಿಂತಿದೆ.

‘ನಮ್ಮ ಕಡೆ ಭೂಕಂಪ ಆಗಂಗಿಲ್ಲ, ಕೆಳಗೆ ಪೂರಾ ಬಂಡೆ ಐತಿ’ ಎಂದು ಕೊಪ್ಪಳ ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲೂ ಜನ ಹೇಳುತ್ತಾರೆ. ಈ ಮಾತಿನಲ್ಲಿ ಮುಕ್ಕಾಲು ಪಾಲು ನಿಜವಿದೆ. ತಕರಾರು ಇರುವುದು ಉಳಿದ ಕಾಲು ಪಾಲಿನಲ್ಲಿ.

ನಿಜವಾದ ಪಾಲನ್ನೇ ಮೊದಲು ನೋಡೋಣ. ಕೊಪ್ಪಳ ಸೀಮೆ ಧಾರವಾಡ ಕ್ರೇಟಾನ್ ಎಂದು ಭೂವಿಜ್ಞಾನಿಗಳು ಕರೆಯುವ ಪುರಾತನ ಶಿಲಾಖಂಡದ ಪೂರ್ವ ಭಾಗದಲ್ಲಿದೆ. ಕ್ರೇಟಾನ್ ಎಂದರೆ ಖಂಡದ ಹಳೆಯ, ತಣ್ಣಗಾದ, ಬಿಗಿದುಕೊಂಡ ತಿರುಳು. ಈ ಖಂಡದ ಪಶ್ಚಿಮ ಭಾಗದಲ್ಲಿ 300 ಕೋಟಿ ವರ್ಷಕ್ಕಿಂತ ಹಳೆಯ ಶಿಲೆಗಳಿವೆ. ನಮ್ಮ ಕಡೆಯವು ಸ್ವಲ್ಪ ಚಿಕ್ಕ ವಯಸ್ಸಿನವು, ಸುಮಾರು 250 ಕೋಟಿ ವರ್ಷ! ಆಗ ಭೂಮಿಯ ಒಳಗಿಂದ ಮೇಲೆದ್ದ ಶಿಲಾರಸ ಆಳದಲ್ಲೇ ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ರಾಮನಗರದಿಂದ ಪಾವಗಡ, ಮೊಳಕಾಲ್ಮೂರು, ಹೊಸಪೇಟೆ, ಹಂಪಿ ಮೇಲೆ ಹಾದು ಕುಷ್ಟಗಿಯ ಕಡೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಈ ಗ್ರಾನೈಟ್ ಪಟ್ಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಅದು. ಕುಷ್ಟಗಿ, ಇಳಕಲ್ ಸುತ್ತಿನ ಕ್ವಾರಿಗಳಿಂದ ಲಾರಿಯಲ್ಲಿ ಹೋಗುವ ಗುಲಾಬಿ ಬಣ್ಣದ ಕಲ್ಲೂ ಆ ಪುರಾತನ ಕಾಲದ್ದೇ.

ಈ ಪಟ್ಟಿಗೆ ಒಂದು ವಿಶೇಷವಿದೆ. ದಕ್ಷಿಣ ಭಾರತದ ಈ ತುಂಡು ಕಾಲಾಂತರದಲ್ಲಿ ಓರೆಯಾಗಿ ಎದ್ದಿದೆ. ದಕ್ಷಿಣದ ತುದಿ ಹೆಚ್ಚು ಮೇಲೆ ಬಂದು ಹೆಚ್ಚು ಸವೆದಿದೆ, ಉತ್ತರದ ತುದಿ ಅಷ್ಟಾಗಿ ಸವೆದಿಲ್ಲ. ಹೀಗಾಗಿ ರಾಮನಗರದ ಕಡೆ ನಾವು ತುಳಿಯುವುದು ಒಂದು ಕಾಲದಲ್ಲಿ ಬಹಳ ಆಳದಲ್ಲಿದ್ದ ಶಿಲೆಯನ್ನು. ಉತ್ತರಕ್ಕೆ ಬಂದಂತೆ ಅದೇ ಗ್ರಾನೈಟಿನ ಮೇಲಿನ ಮಟ್ಟಗಳು ಸಿಗುತ್ತವೆ. ಅಂದರೆ ಬೆಂಗಳೂರು ದಾರಿಯಿಂದ ಕುಷ್ಟಗಿಗೆ ಬರುವ ಪ್ರಯಾಣಿಕ ಭೂಮಿಯ ಪದರದೊಳಗೆ ಕೆಳಗಿನಿಂದ ಮೇಲಕ್ಕೆ ಹತ್ತಿ ಬಂದಂತೆ. ಭೂಮಿಯ ಒಳಗನ್ನು ಕೊರೆಯದೇ ನೋಡಲು ಇಂಥ ಅವಕಾಶ ಜಗತ್ತಿನಲ್ಲಿ ಅಪರೂಪ. ನಮ್ಮ ಶಾಲೆಯ ಮಕ್ಕಳನ್ನು ಹಂಪಿಗೆ ಪ್ರವಾಸ ಕರೆದೊಯ್ಯುವವರು ರಾಜರ ಹೆಸರು ಹೇಳಿ ಮುಗಿಸುತ್ತಾರೆ, ಕಲ್ಲಿನ ವಯಸ್ಸು ಹೇಳುವುದಿಲ್ಲ.

ಈ ಗಟ್ಟಿ ನೆಲ ಎಷ್ಟು ದಪ್ಪ? 1970ರ ದಶಕದ ಮೊದಲರ್ಧದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಸೋವಿಯತ್ ತಜ್ಞರ ನೆರವಿನಿಂದ ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್ ಉದ್ದಕ್ಕೆ, ನೆಲದಲ್ಲಿ ಮದ್ದು ಸಿಡಿಸಿ ಅದರ ಅಲೆಗಳನ್ನು ಅಳೆದರು. ಭಾರತದಲ್ಲಿ ಆಳದ ಪದರಗಳನ್ನು ಹೀಗೆ ತಡಕಿ ನೋಡಿದ್ದು ಅದೇ ಮೊದಲು. ಆ ರೇಖೆ ಕೊಪ್ಪಳಕ್ಕೆ ದಕ್ಷಿಣದಲ್ಲಿ ಇದೇ ಕ್ರೇಟಾನನ್ನು ಅಡ್ಡ ಹಾಯುತ್ತದೆ. ಭೂಕವಚದ ದಪ್ಪ 34ರಿಂದ 41 ಕಿಲೋಮೀಟರ್ ಎಂದು ಅವರಿಗೆ ಕಂಡಿತು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಕೊಪ್ಪಳದಿಂದ ಗಂಗಾವತಿಗೆ ಇರುವಷ್ಟು ದೂರ ನೆಟ್ಟಗೆ ಕೆಳಗಿಳಿದರೆ ಭೂಕವಚ ಮುಗಿಯುತ್ತದೆ.

ಅಲ್ಲಿಂದ ಮುಂದೆ ಮ್ಯಾಂಟಲ್. ಅದರ ತಳ ಮುಟ್ಟಲು 2,900 ಕಿಲೋಮೀಟರ್ ಇಳಿಯಬೇಕು, ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ನೇರ ಗೆರೆ ಎಳೆದಷ್ಟು. ಶಾಲೆಯ ಚಿತ್ರಗಳಲ್ಲಿ ಮ್ಯಾಂಟಲಿಗೆ ಕೆಂಪು ಬಣ್ಣ ಬಳಿದಿರುವುದರಿಂದ ಅದು ಕುದಿಯುವ ರಸವೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಹೆಚ್ಚುಕಡಿಮೆ ಪೂರ್ತಿ ಗಟ್ಟಿ ಶಿಲೆ. ಆದರೆ ಆ ಕಾವು ಮತ್ತು ಒತ್ತಡದಲ್ಲಿ ಗಟ್ಟಿ ಶಿಲೆಯೇ ಲಕ್ಷಾಂತರ ವರ್ಷಗಳಲ್ಲಿ ಮೆಲ್ಲಗೆ ಹರಿಯುತ್ತದೆ. ನಿಜವಾಗಿ ದ್ರವವಾಗಿರುವುದು ಅದರ ಕೆಳಗಿನ ಹೊರ ಕೇಂದ್ರಗೋಳ, ಕರಗಿದ ಕಬ್ಬಿಣ ಮತ್ತು ನಿಕ್ಕಲ್. 5,150 ಕಿಲೋಮೀಟರ್ ಆಳದಿಂದ ಭೂಮಿಯ ನಡುಮಧ್ಯವಾದ 6,371 ಕಿಲೋಮೀಟರಿನವರೆಗೆ ಒಳ ಕೇಂದ್ರಗೋಳ, ಅದು ಮತ್ತೆ ಗಟ್ಟಿ.

ಇದನ್ನೆಲ್ಲ ಕಣ್ಣಾರೆ ಕಂಡವರಿಲ್ಲ. ಕೋಲಾರದ ಚಿನ್ನದ ಗಣಿ ಮುಚ್ಚುವ ಹೊತ್ತಿಗೆ ಸುಮಾರು 3.2 ಕಿಲೋಮೀಟರ್ ಇಳಿದಿತ್ತು. ಜಗತ್ತಿನ ಅತಿ ಆಳದ ಕೊರೆತ, ರಷ್ಯಾದ ಕೋಲಾ ಪರ್ಯಾಯದ್ವೀಪದ್ದು, 12 ಕಿಲೋಮೀಟರ್ ದಾಟಿ ನಿಂತಿತು. ಭೂಕವಚದ ಅರ್ಧಕ್ಕೂ ಮುಟ್ಟಲಿಲ್ಲ. ಉಳಿದದ್ದನ್ನೆಲ್ಲ ತಿಳಿಸಿಕೊಟ್ಟಿದ್ದು ಭೂಕಂಪಗಳೇ, ಮತ್ತು ಆ ಕಥೆಯಲ್ಲಿ ಭಾರತಕ್ಕೆ ದೊಡ್ಡ ಪಾತ್ರವಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದಲ್ಲಿದ್ದ ಆರ್. ಡಿ. ಓಲ್ಡ್‌ಹ್ಯಾಮ್ 1897ರ ಜೂನ್ 12ರ ಅಸ್ಸಾಂ ಮಹಾಭೂಕಂಪವನ್ನು ಅಧ್ಯಯನ ಮಾಡಿದರು. ಅದರ ಅಲೆಗಳು ಯುರೋಪಿನ ಉಪಕರಣಗಳಲ್ಲಿ ಮೂಡಿಸಿದ್ದ ಗೆರೆಗಳಲ್ಲಿ ಮೂರು ಬಗೆಯ ಅಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಮೊದಲು ಬರುವ ಪ್ರಾಥಮಿಕ ಅಲೆ ಶಿಲೆಯನ್ನು ಒತ್ತುತ್ತ, ಸಡಿಲಿಸುತ್ತ ಸಾಗುತ್ತದೆ. ಹಿಂದೆ ಬರುವ ದ್ವಿತೀಯಕ ಅಲೆ ಅಡ್ಡಡ್ಡ ಅಲುಗಿಸುತ್ತದೆ. ಕೊನೆಯದು ನೆಲದ ಮೇಲ್ಮೈಯನ್ನೇ ಹಿಡಿದು ಹೋಗುವ ಅಲೆ, ಮನೆ ಬೀಳಿಸುವುದರಲ್ಲಿ ಇದರ ಪಾಲು ದೊಡ್ಡದು. 1906ರಲ್ಲಿ ಅದೇ ಓಲ್ಡ್‌ಹ್ಯಾಮ್, ಭೂಮಿಯ ನಡುವೆ ಹಾದು ಬಂದ ಅಲೆಗಳು ತಡವಾಗಿ ಬರುವುದನ್ನು ಕಂಡು, ಒಳಗೊಂದು ಬೇರೆ ಬಗೆಯ ಗೋಳವಿದೆ ಎಂದರು. 1909ರಲ್ಲಿ ಕ್ರೊವೇಷಿಯಾದ ಮೊಹೊರೊವಿಚಿಚ್ ಭೂಕವಚದ ತಳವನ್ನು ಗುರುತಿಸಿದರು. 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ ನ್ಯೂಜಿಲೆಂಡಿನ ಭೂಕಂಪವೊಂದರ ಗೆರೆಗಳಿಂದ ಒಳಗಿನ ಗಟ್ಟಿ ಗೋಳವನ್ನು ಪತ್ತೆ ಹಚ್ಚಿದರು. ಹೊರ ಕೇಂದ್ರಗೋಳ ದ್ರವ ಎನ್ನುವುದಕ್ಕೆ ಸಾಕ್ಷಿ ಸರಳ: ಅಡ್ಡ ಅಲುಗಿಸುವ ಅಲೆ ದ್ರವದಲ್ಲಿ ಸಾಗಲಾರದು, ಮತ್ತು ಅದು ಆ ಗೋಳವನ್ನು ದಾಟಿ ಬರುವುದೇ ಇಲ್ಲ.

ಗಟ್ಟಿ ಬಂಡೆಯ ಸದ್ದಿಲ್ಲದ ನೆಲ ಇಂಥ ಅಲೆಗಳನ್ನು ಆಲಿಸಲು ಹೇಳಿ ಮಾಡಿಸಿದ್ದು. 1965ರಲ್ಲಿ ಗೌರಿಬಿದನೂರಿನಲ್ಲಿ ಬ್ರಿಟಿಷ್ ಸಹಕಾರದೊಂದಿಗೆ ನಮ್ಮ ಅಣುಶಕ್ತಿ ಇಲಾಖೆ ಭೂಕಂಪಮಾಪಕಗಳ ಸಾಲನ್ನು ಹೂಡಿದ್ದು ಇದೇ ಕಾರಣಕ್ಕೆ. ದೂರದೇಶಗಳ ನೆಲದಡಿಯ ಅಣು ಪರೀಕ್ಷೆಗಳ ನಡುಕವನ್ನು ಕರ್ನಾಟಕದ ಗ್ರಾನೈಟ್ ಕೇಳಿಸಿಕೊಳ್ಳುತ್ತದೆ.

ಇನ್ನು ತಕರಾರಿನ ಪಾಲು. ಭೂಕವಚ ಮತ್ತು ಮ್ಯಾಂಟಲಿನ ಮೇಲ್ಭಾಗ ಸೇರಿ ದೊಡ್ಡ ಫಲಕಗಳಾಗಿವೆ. ನಾವಿರುವ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತ, 5 ಕೋಟಿ ವರ್ಷಗಳಿಂದ ಏಷ್ಯಾಕ್ಕೆ ಒತ್ತಿಕೊಂಡಿದೆ. ಹಿಮಾಲಯ ಎದ್ದಿದ್ದು ಆ ಒತ್ತಿನಿಂದ. ಭೂಕಂಪಗಳು ಹೆಚ್ಚಾಗಿ ಆಗುವುದು ಫಲಕಗಳ ಅಂಚಿನಲ್ಲಿ. ಆದರೆ ಅಂಚಿನಲ್ಲಿ ತಡೆ ಬಿದ್ದಾಗ ಆ ಒತ್ತಡ ಫಲಕದ ಒಳಭಾಗಕ್ಕೂ ಹರಡುತ್ತದೆ. ಒಳಗೆ ಎಲ್ಲೋ ಹಳೆಯ ಬಿರುಕು, ಶಿಲೆ ದುರ್ಬಲವಾದ ಜಾಗ ಇದ್ದರೆ ಸಾವಿರಾರು ವರ್ಷ ಸುಮ್ಮನಿದ್ದು ಒಂದು ದಿನ ಸರಕ್ಕನೆ ಜಾರುತ್ತದೆ. ಕ್ರೇಟಾನ್ ಅಂದರೆ ಬಿರುಕಿಲ್ಲದ ಬಂಡೆ ಅಲ್ಲ. ಪೂರ್ವ, ಪಶ್ಚಿಮ ಧಾರವಾಡದ ಗಡಿಯಲ್ಲಿ, ಗದಗ–ಚಿತ್ರದುರ್ಗದ ಸಾಲಿಗೆ, ಪುರಾತನ ಜಾರುವಲಯವೇ ಇದೆ. ಅದು ಈಗ ಮಲಗಿದೆ, ಸರಿ. ಆದರೆ ಫಲಕದ ಒಳಗಿನ ಭೂಕಂಪಗಳ ನಡುವಿನ ಅಂತರ ಹತ್ತಾರು ಸಾವಿರ ವರ್ಷವೂ ಇರಬಹುದು. ಅಶೋಕನ ಕಾಲದಿಂದ ಈಚಿನ ಎರಡು ಸಾವಿರ ವರ್ಷದ ಶಾಂತಿ ಅಂಥ ಲೆಕ್ಕದಲ್ಲಿ ಚಿಕ್ಕ ಅವಧಿ.

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ, ಕುಷ್ಟಗಿಯಿಂದ ನೇರ ಉತ್ತರಕ್ಕೆ ಸುಮಾರು 260 ಕಿಲೋಮೀಟರ್. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ, ಗಣಪತಿ ಕಳಿಸಿ ಜನ ದಣಿದು ಮಲಗಿದ್ದ ಹೊತ್ತಿನಲ್ಲಿ, 6.2 ಪ್ರಮಾಣದ ಭೂಕಂಪ ಆಯಿತು. ಸತ್ತವರು ಎಂಟರಿಂದ ಹತ್ತು ಸಾವಿರ. ಆಗ ಚಾಲ್ತಿಯಲ್ಲಿದ್ದ ಭಾರತದ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೆಯ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ಜಾಗದಲ್ಲಿ. ಹಿಂದಿನ ವರ್ಷ ಆ ಊರಿನ ಸುತ್ತ ಹಲವು ಸಲ ನೆಲ ನಡುಗಿತ್ತು. ಜನ ಹೆದರಿದ್ದರು, ಮತ್ತೆ ಒಗ್ಗಿಕೊಂಡಿದ್ದರು. ಆಮೇಲೆ ವಿಜ್ಞಾನಿಗಳು ಅಲ್ಲಿ ಬಾವಿ ಕೊರೆದರು. ಮೇಲೆ 338 ಮೀಟರ್ ದಪ್ಪದ ದಖ್ಖನ್ ಕಪ್ಪು ಶಿಲೆ, ಅದರ ಕೆಳಗೆ ತೆಳುವಾದ ಮಣ್ಣು–ಮರಳಿನ ಪದರ, ಅದರ ಕೆಳಗೆ ಸಿಕ್ಕಿದ್ದು ಪುರಾತನ ಗ್ರಾನೈಟ್ ಜಾತಿಯ ಶಿಲೆ. ಕೊಪ್ಪಳದಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತಿರುವಂಥ ತಳಶಿಲೆ ಅಲ್ಲಿ ಮುಚ್ಚಿಕೊಂಡಿದೆ, ಅಷ್ಟೇ. ‘ಕೆಳಗೆ ಪೂರಾ ಬಂಡೆ ಐತಿ’ ಎಂದು ಕಿಲ್ಲಾರಿಯವರೂ ಹೇಳಬಹುದಿತ್ತು.

ನಕ್ಷೆಯನ್ನು 2002ರಲ್ಲಿ ತಿದ್ದಿದರು. ಒಂದನೆಯ ವಲಯವನ್ನೇ ತೆಗೆದು ಎರಡನೆಯದರಲ್ಲಿ ಸೇರಿಸಿದರು, ಕಿಲ್ಲಾರಿ ಮೂರಕ್ಕೆ ಏರಿತು. ಆ ನಕ್ಷೆಯಲ್ಲಿ ನಮ್ಮ ಕೊಪ್ಪಳ ಎರಡರಲ್ಲಿದೆ. ಬೀದರ್, ಕಲಬುರಗಿ, ವಿಜಯಪುರದ ಕಡೆ ಮತ್ತು ಕರಾವಳಿಯಲ್ಲಿ ಮೂರನೆಯ ವಲಯ ಸಿಗುತ್ತದೆ. ಈ ತಿದ್ದುಪಡಿಯ ಒಳಗೆ ಒಂದು ಮಾತು ಅಡಗಿದೆ: ಅಪಾಯವೇ ಇಲ್ಲವೆನ್ನುವ ಜಾಗ ಆ ನಕ್ಷೆಯಲ್ಲಿ ಇಲ್ಲ. ಎರಡನೆಯ ವಲಯದವರು ಲೆಕ್ಕಕ್ಕೆ ಹಿಡಿಯಬೇಕಾದ ಅಲುಗಾಟವೆಂದರೆ ಎಲ್ಲರಿಗೂ ಅನುಭವಕ್ಕೆ ಬರುವಂಥದ್ದು. ಮಲಗಿದವರು ಎದ್ದು ಹೊರಗೆ ಓಡುತ್ತಾರೆ, ಗೂಡಿನ ಪಾತ್ರೆ ಬೀಳುತ್ತವೆ, ಗಿಲಾವು ಬಿರುಕು ಬಿಡುತ್ತದೆ, ಮಣ್ಣಿನ ಗೋಡೆಗಳಿಗೆ ಪೆಟ್ಟಾಗುತ್ತದೆ.

ನಮ್ಮ ಹತ್ತಿರದ ಹಳೆಯ ದಾಖಲೆ 1843ರ ಏಪ್ರಿಲ್ 1ರ ಬಳ್ಳಾರಿ ಭೂಕಂಪ. ಪ್ರಮಾಣ 5ರ ಆಸುಪಾಸು ಇದ್ದಿರಬಹುದೆಂದು ಅಂದಾಜು. ಗಂಗಾವತಿಯಿಂದ ಬಳ್ಳಾರಿಗೆ ನೇರ ದಾರಿ ಐವತ್ತೈದು ಕಿಲೋಮೀಟರ್ ಕೂಡ ಇಲ್ಲ. ಇಂಥ ಹಳೆಯ ಭೂಕಂಪಗಳ ಪಟ್ಟಿಯನ್ನು ಕೂಡಿಸಿಟ್ಟವರು ಥಾಮಸ್ ಓಲ್ಡ್‌ಹ್ಯಾಮ್, ಮೇಲೆ ಹೇಳಿದ ಓಲ್ಡ್‌ಹ್ಯಾಮರ ತಂದೆ. ತಂದೆ ತೀರಿಕೊಂಡ ಮೇಲೆ 1883ರಲ್ಲಿ ಮಗನೇ ಅದನ್ನು ಅಚ್ಚು ಹಾಕಿಸಿದ. ಆ ಪಟ್ಟಿಗಿಂತ ಹಿಂದಿನ ಶತಮಾನಗಳಲ್ಲಿ ನಮ್ಮ ಸೀಮೆ ಎಷ್ಟು ಸಲ ನಡುಗಿತೋ, ಬರೆದಿಟ್ಟವರು ಕಡಿಮೆ. ನಕ್ಷೆ ಮಾಡುವವರಿಗೆ ಸಿಗುವುದು ಬರೆದಿಟ್ಟ ನೆನಪು ಮಾತ್ರ.

ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಸಣ್ಣ ನಡುಕಗಳ ಸುದ್ದಿ ಹೆಚ್ಚಾಗಿದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ದಿನವೂ ಸದ್ದು, ನಡುಕ. 11ರ ರಾತ್ರಿಯದು 4.1 ಇತ್ತು. ಅದೇ ವರ್ಷದ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರದ ಗ್ರಾನೈಟ್ ನೆಲದಲ್ಲಿ 2.9 ಮತ್ತು 3.0ರ ಎರಡು ಕಂಪನ ಆದವು. ವಿಜಯಪುರ, ಕೊಡಗು, ಸುಳ್ಯದ ಕಡೆಯೂ 2022ರಲ್ಲಿ ಹೀಗೇ ಆಯಿತು. ಇವುಗಳಲ್ಲಿ ಹಲವಕ್ಕೆ ವಿಜ್ಞಾನಿಗಳು ಕೊಡುವ ಕಾರಣ ಮಳೆನೀರು. ಜೋರು ಮಳೆಗಾಲದ ನಂತರ ನೀರು ಬಂಡೆಯ ಸಂದುಗಳಲ್ಲಿ ಇಳಿದು, ಒಳಗಿನ ಒತ್ತಡ ಹೆಚ್ಚಿಸಿ, ಮೊದಲೇ ಬಿಗಿದಿದ್ದ ಸಣ್ಣ ಬಿರುಕುಗಳನ್ನು ಜಾರಿಸುತ್ತದೆ. ಆಳ ತೀರ ಕಡಿಮೆ ಇರುವುದರಿಂದ ನಡುಕ ಗಾಳಿಗೂ ದಾಟಿ ಗುಡುಗಿನ ಸದ್ದಾಗುತ್ತದೆ. ಸದ್ದು ಜೋರಾದಷ್ಟೂ ಅಪಾಯ ಜೋರು ಎಂದು ಜನ ತಿಳಿಯುವುದು ಸಹಜ. ಆದರೆ ಕಿವಿಗೆ ಕೇಳಿಸುವುದು ನೆಲದ ಮೇಲ್ಮೈಗೆ ಹತ್ತಿರವಾದ, ಚಿಕ್ಕ ನಡುಕಗಳೇ ಹೆಚ್ಚು.

ಪ್ರಮಾಣದ ಅಂಕಿಯನ್ನು ಪತ್ರಿಕೆಗಳು ಬಳಸುವ ರೀತಿಯೂ ಈ ಗೊಂದಲಕ್ಕೆ ಕಾರಣ. 3ಕ್ಕೂ 6ಕ್ಕೂ ದುಪ್ಪಟ್ಟು ವ್ಯತ್ಯಾಸವಲ್ಲ. ಒಂದೊಂದು ಅಂಕಿ ಏರಿದಾಗ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಹೀಗೆ ಮೂರು ಸಲ ಗುಣಿಸಿದರೆ ಚಿಕ್ಕಬಳ್ಳಾಪುರದಂಥ ಮೂವತ್ತು ಸಾವಿರಕ್ಕೂ ಹೆಚ್ಚು ನಡುಕಗಳು ಕೂಡಿದರೆ ಒಂದು ಕಿಲ್ಲಾರಿ. ಸಣ್ಣವು ಆಗುತ್ತಿದ್ದರೆ ದೊಡ್ಡದು ತಪ್ಪುತ್ತದೆ ಎಂಬ ಸಮಾಧಾನವೂ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ನಮ್ಮ ಪಕ್ಕದಲ್ಲೇ ಆಗದೇ ಇದ್ದ ಭೂಕಂಪವೊಂದರ ಕಥೆ ಇಲ್ಲಿ ಹೇಳಬೇಕು. 2020ರ ಜೂನ್ 5ರ ಬೆಳಿಗ್ಗೆ 6.55ಕ್ಕೆ ಹಂಪಿಯಲ್ಲಿ 4.0 ಪ್ರಮಾಣದ ಭೂಕಂಪವಾಯಿತೆಂದು ರಾಷ್ಟ್ರೀಯ ಭೂಕಂಪ ಕೇಂದ್ರದ ಹೆಸರಿನಲ್ಲಿ ದೇಶದ ತುಂಬ ಸುದ್ದಿಯಾಯಿತು. ಆನೆಗೊಂದಿಯಲ್ಲಿ ಯಾರಿಗೂ ನಡುಕ ಗೊತ್ತಾಗಲಿಲ್ಲ. ತನ್ನ ಯಾವ ಉಪಕರಣದಲ್ಲೂ ಅಂಥದ್ದು ದಾಖಲಾಗಿಲ್ಲ ಎಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದೇ ದಿನ ಹೇಳಿತು. ಆ ಬೆಳಿಗ್ಗೆ ಅದೇ 6.55ಕ್ಕೆ ಜಾರ್ಖಂಡಿನ ಜಮ್‌ಶೆಡ್‌ಪುರದಲ್ಲಿ 4.7ರ ಭೂಕಂಪ ಆಗಿತ್ತು. ಅಲ್ಲಿಯ ಅಲೆಗಳನ್ನು ಯಂತ್ರದ ಲೆಕ್ಕ ತಪ್ಪಾಗಿ ಜೋಡಿಸಿ ಹಂಪಿಗೆ ತಂದಿಟ್ಟಿರಬೇಕು ಎಂದು ನನ್ನ ಊಹೆ. ಕೇಂದ್ರಬಿಂದುವನ್ನು ಗುರುತಿಸುವುದು ಪ್ರಾಥಮಿಕ ಮತ್ತು ದ್ವಿತೀಯಕ ಅಲೆಗಳು ಮುಟ್ಟುವ ಹೊತ್ತಿನ ಅಂತರದಿಂದ. ಎರಡರ ನಡುವೆ ಒಂದು ಸೆಕೆಂಡ್ ಇದ್ದರೆ ಸುಮಾರು 8 ಕಿಲೋಮೀಟರ್ ದೂರ. ಕನಿಷ್ಠ ಮೂರು ಕೇಂದ್ರಗಳ ದೂರ ಕೂಡಿ ಬಂದರೆ ಜಾಗ ಸಿಗುತ್ತದೆ. ಯಾವ ಅಲೆ ಯಾವ ಭೂಕಂಪದ್ದು ಎಂಬುದೇ ಅದಲುಬದಲಾದರೆ ಇಡೀ ಲೆಕ್ಕ ಅಡಿಮೇಲು.

ಇದೇ ಲೆಕ್ಕವನ್ನು ಕಿಲ್ಲಾರಿಗೆ ಹಾಕಿ ನೋಡಿ. ಗಟ್ಟಿ ಶಿಲೆಯಲ್ಲಿ ಪ್ರಾಥಮಿಕ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ದ್ವಿತೀಯಕದ್ದು ಮೂರೂವರೆ. ಕಿಲ್ಲಾರಿಯ ಮೊದಲ ಅಲೆ ಕುಷ್ಟಗಿಗೆ ಮುಟ್ಟಲು ಮುಕ್ಕಾಲು ನಿಮಿಷ, ಎರಡನೆಯದು ಇನ್ನರ್ಧ ನಿಮಿಷ ತಡ. ಈ ಅರ್ಧ ನಿಮಿಷದಲ್ಲಿ ಫೋನಿಗೆ ಎಚ್ಚರಿಕೆ ಕಳಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಕಳಿಸಬಹುದು. ಆದರೆ ಎಚ್ಚರಿಕೆಗೆ ಸಮಯ ಸಿಗುವ ದೂರದ ಊರಿನಲ್ಲಿ ಹಾನಿ ಕಡಿಮೆ, ಮನೆ ಬೀಳುವ ಊರಿನಲ್ಲಿ ಸಮಯವೇ ಸಿಗುವುದಿಲ್ಲ. ಇನ್ನು ಯಾವ ದಿನ, ಎಲ್ಲಿ ಭೂಕಂಪ ಎಂದು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಹಾಗೆ ಹೇಳುವ ವಾಟ್ಸಾಪ್ ಸಂದೇಶವನ್ನು ಅಳಿಸುವುದೊಂದೇ ಕೆಲಸ.

ಮುನಿರಾಬಾದಿನ ಮಾತು ಬಾರದೆ ಈ ಚರ್ಚೆ ಮುಗಿಯುವುದಿಲ್ಲ. ಅಲ್ಲಿಯ ತುಂಗಭದ್ರಾ ಅಣೆಕಟ್ಟಿನಿಂದ ಭೂಕಂಪ ಆಗಬಹುದೇ? ಈ ಭಯಕ್ಕೆ ಆಧಾರ ಕೊಯ್ನಾ. ಮಹಾರಾಷ್ಟ್ರದ ಆ ಜಲಾಶಯದಲ್ಲಿ 1962ರಿಂದ ನೀರು ನಿಂತಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3ರ ಭೂಕಂಪ ಆಗಿ ಸುಮಾರು 180 ಜನ ಸತ್ತರು. ಜಲಾಶಯದ ನೀರು ಭೂಕಂಪವನ್ನು ಕೆರಳಿಸಿದ್ದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಅದು. ಅಲ್ಲಿ ಇಂದಿಗೂ ಸಣ್ಣ ಕಂಪನಗಳು ನಿಂತಿಲ್ಲ, ವಿಜ್ಞಾನಿಗಳು 3 ಕಿಲೋಮೀಟರ್ ಆಳಕ್ಕೆ ಕೊರೆದು ಕೂತಿದ್ದಾರೆ. ಆದರೆ ಕೊಯ್ನಾ 103 ಮೀಟರ್ ಎತ್ತರದ ಕಟ್ಟೆ, ಆಳವಾದ ನೀರು. ತುಂಗಭದ್ರೆಯದು 49 ಮೀಟರಿನ ಕಟ್ಟೆ, ಅಗಲಕ್ಕೆ ಹರಡಿದ ನೀರು, 378 ಚದರ ಕಿಲೋಮೀಟರ್. ಅಲ್ಲದೆ ನೀರು ತಾನಾಗಿ ಭೂಕಂಪ ಹುಟ್ಟಿಸುವುದಿಲ್ಲ, ಜಾರಲು ಸಿದ್ಧವಾಗಿರುವ ಬಿರುಕನ್ನು ಮುಂಚೆಯೇ ಜಾರಿಸುತ್ತದೆ. 1953ರಿಂದ ನೀರು ನಿಂತಿರುವ ತುಂಗಭದ್ರೆಯಲ್ಲಿ ಕೊಯ್ನಾದಂಥದ್ದು ಆಗಿಲ್ಲ. ಆ ಕಟ್ಟೆಗೆ ನಾನು ಭೂಕಂಪಕ್ಕಿಂತ ವಯಸ್ಸಿಗೆ ಹೆಚ್ಚು ಹೆದರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದಾಗ ನೆಲವೇನೂ ನಡುಗಿರಲಿಲ್ಲ.

ಭೂಕಂಪವಲ್ಲದ ಭೂಕಂಪಗಳೂ ನಮ್ಮಲ್ಲಿ ಬೇಕಷ್ಟಿವೆ. ಕ್ವಾರಿಯಲ್ಲಿ ಮದ್ದು ಸಿಡಿಸಿದರೆ ಪಕ್ಕದ ಊರಿನ ಗಾಜು ನಡುಗುತ್ತದೆ. ಭೂಕಂಪಮಾಪಕದ ಗೆರೆ ಬಲ್ಲವರು ಇದನ್ನು ಸುಲಭವಾಗಿ ಬೇರೆ ಮಾಡುತ್ತಾರೆ. ಸ್ಫೋಟದ ಅಲೆ ಎಲ್ಲ ದಿಕ್ಕಿಗೂ ಹೊರಕ್ಕೆ ಒತ್ತುತ್ತದೆ, ಅದರ ದ್ವಿತೀಯಕ ಅಲೆ ಸಪ್ಪೆ. ಯಲಬುರ್ಗಾ ಕಡೆಯ ಎರೆ ಭೂಮಿಯದು ಇನ್ನೊಂದು ಬಗೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ವರ್ಷವರ್ಷವೂ ಬುನಾದಿ ಮೇಲೆ ಕೆಳಗೆ ಆಗಿ ಗೋಡೆಯಲ್ಲಿ ಬಿರುಕು ಓಡುತ್ತದೆ. ನಡುಕದ ಸುದ್ದಿ ಬಂದ ಮರುದಿನ ಜನ ಗೋಡೆ ನೋಡುತ್ತಾರೆ, ಹಳೆಯ ಬಿರುಕು ಹೊಸದಾಗಿ ಕಾಣುತ್ತದೆ. ಆದರೆ ಎರೆಯ ವಿಚಾರದಲ್ಲಿ ಒಂದು ನಿಜವಾದ ಎಚ್ಚರವೂ ಬೇಕು. ದಪ್ಪ ಮಣ್ಣಿನ ನೆಲ, ಬಂಡೆಯ ನೆಲಕ್ಕಿಂತ ಅಲೆಯನ್ನು ಹಿಗ್ಗಿಸುತ್ತದೆ. ಒಂದೇ ಭೂಕಂಪಕ್ಕೆ ಕೊಪ್ಪಳದ ಕೋಟೆ ಬೆಟ್ಟದ ಬುಡಕ್ಕಿಂತ ಎರೆ ಹೊಲದ ನಡುವಿನ ಊರು, ಗಂಗಾವತಿಯ ಕಾಲುವೆ ಬಯಲಿನ ಊರು ಹೆಚ್ಚು ಅಲುಗಬಹುದು. ವಲಯದ ನಕ್ಷೆ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ.

ಕೊನೆಗೆ ಬರುವುದು ಮನೆಗೆ. ಈ ಇಡೀ ಸಮೀಕ್ಷೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದೂ ಅದೇ. 1991ರ ಅಕ್ಟೋಬರ್ 20ರ ನಸುಕಿನಲ್ಲಿ ಉತ್ತರಕಾಶಿಯಲ್ಲಿ 6.8ರ ಭೂಕಂಪ ಆಯಿತು. ಶಕ್ತಿಯಲ್ಲಿ ಅದು ಕಿಲ್ಲಾರಿಗಿಂತ ಸುಮಾರು ಎಂಟು ಪಟ್ಟು ದೊಡ್ಡದು. ಸತ್ತವರು ಎಂಟುನೂರರ ಒಳಗೆ. ಎರಡು ಭೂಕಂಪಗಳೂ ಜನ ಮಲಗಿದ್ದ ಹೊತ್ತಿನಲ್ಲೇ ಬಂದವು. ಬೆಟ್ಟದ ಮೇಲೆ ಊರುಗಳು ವಿರಳ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಕಿಲ್ಲಾರಿಯ ಗೋಡೆ. ಒಂದೂವರೆ ಎರಡು ಅಡಿ, ಕೆಲವೆಡೆ ಅದಕ್ಕೂ ದಪ್ಪದ ಕಾಡುಗಲ್ಲಿನ ಗೋಡೆ, ಮಧ್ಯೆ ಮಣ್ಣಿನ ಗಾರೆ, ಮೇಲೆ ತೊಲೆ–ಜಂತಿ, ಅದರ ಮೇಲೆ ಅಡಿಗಟ್ಟಲೆ ಮಣ್ಣು. ನಮ್ಮ ಮಾಳಿಗೆ ಮನೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲಿಗೆ ಇದಕ್ಕಿಂತ ತಂಪಾದ ಮನೆ ಇನ್ನೊಂದಿಲ್ಲ. ಮಳೆಗಾಲಕ್ಕೆ ಮುಂಚೆ ಸೋರದಿರಲಿ ಎಂದು ಮೇಲೆ ಮತ್ತೆ ಮಣ್ಣು ಹಾಕುತ್ತಾರೆ. ಹಳೆಯದನ್ನು ಕೆರೆದು ಇಳಿಸುವವರು ಕಡಿಮೆ. ತಲೆಮಾರು ಕಳೆದಂತೆ ಜಂತಿಯ ಮೇಲೆ ಟನ್ನುಗಟ್ಟಲೆ ಭಾರ ಕೂಡುತ್ತದೆ. ಭೂಕಂಪದಲ್ಲಿ ಕಟ್ಟಡದ ಮೇಲೆ ಬೀಳುವ ಒತ್ತು ಅದರ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ. ಒಳ ಮೈ, ಹೊರ ಮೈ ಎಂದು ಎರಡು ಪದರವಾಗಿ ಕಟ್ಟಿದ ಗೋಡೆ ಅಲುಗಾಟಕ್ಕೆ ನಡುವೆ ಸೀಳಿ ಎರಡೂ ಕಡೆ ಕುಸಿಯುತ್ತದೆ. ಕಿಲ್ಲಾರಿಯಲ್ಲಿ ಜನ ಸತ್ತದ್ದು ಈ ಕಲ್ಲು–ಮಣ್ಣಿನ ಅಡಿಯಲ್ಲಿ.

ಹಾಗೆಂದು ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಕಟ್ಟಿದರೆ ಪಾರು ಎನ್ನುವಂತಿಲ್ಲ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ ಸುಮಾರು 250 ಕಿಲೋಮೀಟರ್ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಅವುಗಳಲ್ಲಿ ಹಲವು, ಕೆಳಗೆ ಕಾರು ನಿಲ್ಲಿಸಲು ಬರಿಯ ಕಂಬಗಳ ಮೇಲೆ ನಿಲ್ಲಿಸಿದವು. ಗಂಗಾವತಿ, ಕೊಪ್ಪಳದ ಹೊಸ ಬಡಾವಣೆಗಳಲ್ಲಿ ಈಗ ಏಳುತ್ತಿರುವ ಕಟ್ಟಡಗಳ ಕೆಳಗಿನ ಅಂತಸ್ತನ್ನು ಒಮ್ಮೆ ನೋಡಿಕೊಂಡು ಬನ್ನಿ: ಮುಂದೆ ಅಂಗಡಿಯ ಶಟರು, ಹಿಂದೆ ಬೈಕಿನ ಜಾಗ, ನಡುವೆ ಒಂದು ಗೋಡೆ ಇಲ್ಲ.

ಮಾಡಬೇಕಾದ್ದು ದುಬಾರಿಯೇನಲ್ಲ. ಭಾರತೀಯ ಮಾನಕ ಬ್ಯೂರೋ ಕಿಲ್ಲಾರಿ ನಡುಗಿದ ಅದೇ 1993ರಲ್ಲಿ ಮಣ್ಣಿನ ಮನೆಗೆ ಒಂದು, ಕಾಡುಗಲ್ಲಿನಂಥ ದುರ್ಬಲ ಗೋಡೆಗಳ ಮನೆಗೆ ಒಂದು ಎಂದು ಬೇರೆ ಬೇರೆ ನಿಯಮ ಹೊರಡಿಸಿತು. ಅವುಗಳ ಸಾರ ಮೇಸ್ತ್ರಿಗೆ ಒಂದು ಸಂಜೆಯಲ್ಲಿ ಹೇಳಿ ಮುಗಿಸುವಷ್ಟು. ಗೋಡೆ ಕಟ್ಟುವಾಗ ಅಲ್ಲಲ್ಲಿ ಎರಡೂ ಮೈಗೆ ಮುಟ್ಟುವ ಉದ್ದ ಕಲ್ಲು ಹಾಕಬೇಕು. ಬಾಗಿಲು–ಕಿಟಕಿಯ ಮೇಲಿನ ಮಟ್ಟದಲ್ಲಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಮನೆಯ ಸುತ್ತ ಎಲ್ಲೂ ತುಂಡಾಗದೆ ಓಡಬೇಕು. ಮೂಲೆಗೆ ತೀರ ಹತ್ತಿರ ಕಿಟಕಿ ಇಡಬಾರದು. ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುವ ಮುಂಚೆ ಹಳೆಯದನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸಬೇಕೆನ್ನುವುದು ನಿಯಮದ ಪುಸ್ತಕದಲ್ಲಿರದ, ನನ್ನ ಸೇರ್ಪಡೆ. ಈ ಕೆಲಸ ಮೊದಲು ಆಗಬೇಕಾದದ್ದು ಹಳ್ಳಿಗಳ ಹಳೆಯ ಶಾಲೆ, ಅಂಗನವಾಡಿ, ಗುಡಿಯ ಪಕ್ಕದ ಛತ್ರಗಳಲ್ಲಿ, ಒಂದೇ ಸೂರಿನಡಿ ಬಹಳ ಜನ ಕೂರುವ ಕಡೆ. ಅವುಗಳ ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆ ಎಂದು ಅಳೆಯಲು ಭೂಕಂಪಮಾಪಕ ಬೇಡ, ಒಂದು ಸಲಾಕೆ ಸಾಕು. ಅಳೆದ ಅಂಕಿಯನ್ನು ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಬೇಸಿಗೆಯಲ್ಲಿ ಮಣ್ಣು ಹೇರುವವರಿಗೆ ತೋರಿಸಬಹುದು.